ಬಂಡೆಯ ಮೇಲೆ ಒಲೆ ಹೂಡಬಾರದು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಂದ ವಿದೇಶಕ್ಕೆ ಹೋಗುವ ನಮ್ಮ ಹುಡುಗರು ಈಗ ಪೇಟೆ ಸುತ್ತಿ ತೃಪ್ತರಾಗುವುದಿಲ್ಲ. ಶನಿವಾರ ಬಂತೆಂದರೆ ಡೇರೆ ಹೊತ್ತು ಕಾಡಿಗೆ ಹೊರಡುತ್ತಾರೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನೂ ಹಾಗೆ ಎರಡು ರಾತ್ರಿ ಹೊರಡಿಸಿದ್ದ.

ಅಲ್ಲಿ ಡೇರೆ ಹೂಡಲು ಜಮೀನಿನ ಒಡೆಯನ ಅಪ್ಪಣೆ ಬೇಕಿಲ್ಲವೆಂದು ಕೇಳಿ ನನಗೆ ಆಶ್ಚರ್ಯವಾಯಿತು. ಎಲ್ಲರಿಗೂ ಸೇರಿದ ಈ ಹಕ್ಕು ಹಳೆಯ ರೂಢಿ. 1994ರಿಂದ ಸಂವಿಧಾನದಲ್ಲೂ ಇದೆ. ಒಂದೆರಡು ರಾತ್ರಿ ತಂಗಬಹುದು, ಕಾಡಿನ ಹಣ್ಣು, ಅಣಬೆ ಕೀಳಬಹುದು. ಆದರೆ ಮನೆಯ ಹತ್ತಿರ, ಬೆಳೆಯಿರುವ ಹೊಲದಲ್ಲಿ ಕೂಡದು. ದೊಡ್ಡ ಗುಂಪಾದರೆ ಒಡೆಯನನ್ನು ಕೇಳಬೇಕು. ಹಸಿ ಮರದ ಕೊಂಬೆ, ತೊಗಟೆ ಮುಟ್ಟುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೆ ಬೇರೆಯೇ ನಿಯಮ. ಪಕ್ಕದ ನಾರ್ವೆಯ 1957ರ ಕಾನೂನು ಇನ್ನೂ ಖಚಿತ: ವಾಸದ ಮನೆಯಿಂದ 150 ಮೀಟರ್ ದೂರವಿರಬೇಕು.

ಇದೆಲ್ಲ ಯಾರಿಗೂ ಅರ್ಥವಾಗುವಂಥದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ನಿಯಮ: ಬರಿಯ ಬಂಡೆಯ ಮೇಲೆ ಬೆಂಕಿ ಹಾಕಬಾರದು. ಕಾಡು ಹೊತ್ತಿಕೊಂಡೀತೆಂಬ ಭಯಕ್ಕೆ ಬಂಡೆಯೇ ಕ್ಷೇಮವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಲ್ಲಿನೊಳಗೆ ಶಾಖ ಬೇಗ ಇಳಿಯುವುದಿಲ್ಲ. ಮೇಲ್ಪದರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಈ ಎಳೆದಾಟದಲ್ಲಿ ಚಕ್ಕೆ ಏಳುತ್ತದೆ. ನಾವು ತಂಗಿದ್ದ ಬೂಹುಸ್ಲೇನ್ ಕರಾವಳಿಯಲ್ಲಿ ಎಲ್ಲಿ ನೋಡಿದರೂ ಗ್ರಾನೈಟ್ ಬಂಡೆಯೇ, ವಯಸ್ಸು ಸುಮಾರು 92 ಕೋಟಿ ವರ್ಷ. ಒಂದು ಸಂಜೆಯ ಅಡುಗೆಗೆ ಅದರ ಮೈ ಒಡೆಯುತ್ತದೆ.

ಬೆಂಗಳೂರಿನವರಿಗೆ ಈ ಪಾಠವನ್ನು ಹೊರಗಿನವರು ಹೇಳಬೇಕಾಗಿಲ್ಲ. ನಮ್ಮ ಕಲ್ಲುಕುಟಿಗರು ಇದೇ ಗುಣವನ್ನು ದುಡಿಸಿಕೊಂಡವರು. ಬಂಡೆಯ ಮೇಲೆ ಸೌದೆಯ ಕಿರಿದಾದ ಬೆಂಕಿಸಾಲು ಹಾಕಿ, ಅದನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಬಿರುಕನ್ನು ಗುರುತಿಸಿ, ಅಗಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಬೆಂಗಳೂರಿನ ಬಳಿ ಕಂಡ ಈ ಕೆಲಸವನ್ನು ಎಚ್. ವಾರ್ತ್ ಎಂಬುವರು 1895ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರ್ಣಿಸಿದ್ದಾರೆ. ಅವರು ಬೇಕೆಂದು ಮಾಡಿದ್ದನ್ನು ನಾವು ಅರಿಯದೆ ಮಾಡುತ್ತಿದ್ದೇವೆ, ಅಷ್ಟೆ!

ಪೀಣ್ಯದ ಕಾರ್ಖಾನೆಗಳ ಹುಡುಗರು ರಜೆಯಲ್ಲಿ ಸಾವನದುರ್ಗಕ್ಕೋ ಮಾಕಳಿದುರ್ಗಕ್ಕೋ ಹೋಗುತ್ತಾರೆ. ಅಂಥ ಬೆಟ್ಟಗಳಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿದ ಕರಿ ಗುರುತು ಕಂಡಾಗ ನಾನು ಪಕ್ಕದಲ್ಲಿ ಎದ್ದ ಚಕ್ಕೆಗಳನ್ನೂ ಹುಡುಕುತ್ತೇನೆ. ಸಿಗದೇ ಇರುವುದು ಅಪರೂಪ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ನಮ್ಮ ಬಂಡೆಗಳೇನು ಕಡಿಮೆಯವೇ? ಲಾಲ್‌ಬಾಗಿನ ಗುಡ್ಡದ ಕಲ್ಲಿಗೆ ಸುಮಾರು 300 ಕೋಟಿ ವರ್ಷ.

ಹೊರಡುವವರಿಗೆ ಇನ್ನೆರಡು ಮಾತು. ಬೇಸಿಗೆ ಒಣಗಿದ್ದರೆ ಸ್ವೀಡನ್ನಿನಲ್ಲಿ ಬೆಂಕಿಗೇ ನಿಷೇಧ ಬರುತ್ತದೆ. 2018ರಲ್ಲಿ ಅಲ್ಲಿನ ಕಾಡುಗಳು ಭೀಕರವಾಗಿ ಉರಿದಿದ್ದವು. ಆಯಾ ದಿನದ ಸೂಚನೆಯನ್ನು ಸ್ಥಳದಲ್ಲೇ ವಿಚಾರಿಸಿಕೊಳ್ಳಬೇಕು. ಸಾರಿನ ಪಾತ್ರೆಯನ್ನು ಸೋಪು ಹಚ್ಚಿ ಕೆರೆಯಲ್ಲಿ ಅದ್ದಬಾರದು, ನೀರು ಮೊಗೆದು ದೂರ ಒಯ್ದು ತೊಳೆಯಬೇಕು. ಅಡುಗೆಗೆ ಪುಟ್ಟ ಗ್ಯಾಸ್ ಒಲೆ ಸಾಕು. ಅದರ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಸಾರಿನ ಪುಡಿ ಮಾತ್ರ ಇಲ್ಲಿಂದಲೇ ಹೋಗಲಿ.