ಮಾತನಾಡದ ಮನುಷ್ಯ

ನಮ್ಮ ಸೀಮೆಯ ಹಳ್ಳಿಗಳಲ್ಲಿ ತೊಗಲುಗೊಂಬೆಯ ಆಟ ನಡೆಯುವಾಗ ಒಂದು ವಿಶೇಷವನ್ನು ಕಾಣಬಹುದಿತ್ತು. ಜನ ಸೇರುತ್ತಿದ್ದುದು ರಾಮಾಯಣವನ್ನು ನೋಡಲೆಂದು. ತೂಕಡಿಸುತ್ತಿದ್ದವರು ಎಚ್ಚರಗೊಳ್ಳುತ್ತಿದ್ದುದು ಮಾತ್ರ ಪರದೆಯ ಮೇಲೆ ಕಿಳ್ಳೇಕ್ಯಾತ ಬಂದಾಗ. ಡೊಳ್ಳುಹೊಟ್ಟೆಯ, ಕೆದರಿದ ಕೂದಲಿನ ಆ ಗೊಂಬೆ ಹೆಂಡತಿ ಬಂಗಾರಕ್ಕನೊಡನೆ ಜಗಳ ತೆಗೆದರೆ ರಾಮರಾವಣರೂ ಯುದ್ಧ ನಿಲ್ಲಿಸಿ ದಾರಿ ಬಿಡಬೇಕು. ದೀಪದ ಬೆಳಕು, ಬಿಳಿಯ ಪರದೆ, ಅದರ ಮೇಲೆ ಓಡಾಡುವ ಚಿತ್ರ! ಇಂದು ಮಕ್ಕಳು ದೂರದರ್ಶನದಲ್ಲಿ ನೋಡಿ ನಗುವ ಕಾರ್ಟೂನುಗಳಿಗೂ ಇದಕ್ಕೂ ದೂರದ ನೆಂಟಸ್ತಿಕೆಯಿದೆ.

ಈ ನೆಂಟಸ್ತಿಕೆ ನನಗೆ ಹೊಳೆದದ್ದು 1980ರ ದಶಕದಲ್ಲಿ, ಹಾನಗಲ್ಲಿನಲ್ಲಿ ಮಾಸ್ತರನಾಗಿದ್ದಾಗ. ಓಣಿಗೆಲ್ಲ ಒಂದೇ ದೂರದರ್ಶನದ ಪೆಟ್ಟಿಗೆ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಆರಂಭವಾಗುವಾಗ ಒಂದಾದ ಮೇಲೊಂದರಂತೆ ರೇಖಾಚಿತ್ರಗಳು ಮೂಡುತ್ತಿದ್ದವು. ಹಿಂದಿಯ ಒಂದಕ್ಷರವೂ ತಿಳಿಯದ ಅಜ್ಜಿಯರು ಆ ಚಿತ್ರಗಳನ್ನು ನೋಡಿ, ‘ಇಂವ ನಮ್ಮೂರಾಂವನ ಇದ್ದಂಗ ಇದಾನಲ್ಲ!’ ಎಂದು ನಗುತ್ತಿದ್ದರು. ಅವುಗಳನ್ನು ಬರೆದವರು ಆರ್.ಕೆ. ಲಕ್ಷ್ಮಣ್.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಮಾಲ್ಗುಡಿಯ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅಣ್ಣ. ಮನೆಯ ನೆಲ, ಗೋಡೆ, ಬಾಗಿಲುಗಳೇ ಬಾಲಕನ ಹಲಗೆಯಾದವು. ಒಮ್ಮೆ ಶಾಲೆಯಲ್ಲಿ ಉಪಾಧ್ಯಾಯರು ಎಲ್ಲರಿಗೂ ಎಲೆಯ ಚಿತ್ರ ಬರೆಯಲು ಹೇಳಿದರಂತೆ. ಲಕ್ಷ್ಮಣ್ ಬರೆದ ಅರಳಿಯ ಎಲೆಯನ್ನು ಕಂಡು ಅವರು ಮೆಚ್ಚಿ ನುಡಿದರು. ತಾನು ಚಿತ್ರಗಾರನಾಗಬೇಕೆಂಬ ಆಸೆ ಆ ಮೆಚ್ಚುಗೆಯಿಂದ ಬಲವಾಯಿತು.

ಈ ಸಂಗತಿಯನ್ನು ಓದಿದ ಮೇಲೆ ನಾನೂ ಸವಣೂರಿನ ತರಗತಿಯೊಂದರಲ್ಲಿ ಹಾಗೆಯೇ ಮಾಡಿ ನೋಡಿದೆ. ಸವಣೂರಿನಲ್ಲಿ ವೀಳ್ಯದೆಲೆಗೆ ಬರವೇ? ಒಂದು ಕವಳಿ ಎಲೆ ತಂದು ಹುಡುಗರಿಗೆಲ್ಲ ಹಂಚಿದೆ. ಬಹುಪಾಲು ಮಕ್ಕಳು ಕೈಯಲ್ಲಿದ್ದ ಎಲೆಯನ್ನು ನೋಡದೆ, ಮನಸ್ಸಿನಲ್ಲಿದ್ದ ಎಲೆಯನ್ನು ಬರೆದರು. ಎಲ್ಲವೂ ಒಂದೇ ಅಚ್ಚಿನಿಂದ ಇಳಿಸಿದಂತಿದ್ದವು. ಹಿಂದಿನ ಸಾಲಿನ ಹುಡುಗನೊಬ್ಬನ ಎಲೆಗೆ ಮಾತ್ರ ತೂತಿತ್ತು, ಒಂದು ಅಂಚು ಮುರುಟಿತ್ತು. ಪಕ್ಕದವರು ನಕ್ಕರು. ಅವನು ಎದ್ದು ನಿಂತು, ‘ಸರ, ನೀವು ನನಗ ಕೊಟ್ಟ ಎಲಿ ಹಿಂಗ ಐತ್ರಿ’ ಎಂದ. ನಿಜವಾಗಿ ನೋಡಿದವನು ಅವನೊಬ್ಬನೇ.

ನೋಡುವ ಕಣ್ಣಿದ್ದ ಮಾತ್ರಕ್ಕೆ ದಾರಿ ಸುಗಮವಾಗುವುದಿಲ್ಲ. ಮುಂಬಯಿಯ ಜೆ.ಜೆ. ಕಲಾಶಾಲೆಯು ಲಕ್ಷ್ಮಣರಿಗೆ ಪ್ರವೇಶ ನಿರಾಕರಿಸಿತು. ಅಲ್ಲಿ ಸೇರಲು ತಕ್ಕ ಪ್ರತಿಭೆ ಅವರ ಚಿತ್ರಗಳಲ್ಲಿ ಕಾಣಲಿಲ್ಲವಂತೆ! ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು. ಓದುತ್ತಲೇ ಅಣ್ಣನ ಕಥೆಗಳಿಗೆ ಚಿತ್ರ ಬರೆದರು, ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೂ ಬರೆದರು. ಇಂಗ್ಲಿಷ್ ಪತ್ರಿಕೆಗಳಿಂದ ಜಗತ್ಪ್ರಸಿದ್ಧರಾದ ಈ ಚಿತ್ರಕಾರರ ಕೈ ಕನ್ನಡದ ನಗೆಪತ್ರಿಕೆಯಲ್ಲಿಯೂ ಪಳಗಿತೆಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು.

ಮುಂದೆ ಅದೇ ಮುಂಬಯಿಯಲ್ಲಿ, ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಐವತ್ತು ವರ್ಷಕ್ಕೂ ಮಿಕ್ಕಿ ದುಡಿದರು. 1951ರಲ್ಲಿ ಅವರ ಕಿರುಚಿತ್ರಗಳ ಅಂಕಣ ಮೊದಲಾಯಿತು. ಭಾರತದ ಜನವನ್ನು ತೋರಿಸಲೆಂದು ಆರಂಭದಲ್ಲಿ ಅವರು ಬಂಗಾಳಿ, ತಮಿಳ, ಪಂಜಾಬಿ ಎಂದು ನಾನಾ ಪ್ರಾಂತಗಳವರನ್ನು ಗುಂಪುಗುಂಪಾಗಿ ಬರೆಯುತ್ತಿದ್ದರು. ಆದರೆ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತು ಕಾಯುವುದಿಲ್ಲವಷ್ಟೆ. ಅವಸರದಲ್ಲಿ ಒಬ್ಬೊಬ್ಬರಾಗಿ ಚಿತ್ರದಿಂದ ಜಾರಿಕೊಂಡು, ಕಡೆಗೆ ಒಬ್ಬನೇ ಉಳಿದ. ಚೌಕಳಿಯ ಕೋಟು, ಧೋತರ, ದುಂಡು ಕನ್ನಡಕ, ಪೊದೆಮೀಸೆ. ಅವನೇ ಅವರ ‘ಶ್ರೀಸಾಮಾನ್ಯ’. ಮಂತ್ರಿಗಳು ಭಾಷಣ ಮಾಡುವಲ್ಲಿ, ಅಧಿಕಾರಿಗಳು ಸಮಜಾಯಿಷಿ ಹೇಳುವಲ್ಲಿ ಇವನು ಮೂಲೆಯಲ್ಲಿ ನಿಂತು ನೋಡುತ್ತಾನೆ, ಮಾತನಾಡುವುದಿಲ್ಲ. ಇವನನ್ನು ನಾನು ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿದ್ದಾಗ ಕಂಡಿದ್ದೇನೆ. ಹಿರೇಕೆರೂರಿನ ಸಂತೆಯಲ್ಲಿ ಬದನೆಕಾಯಿಯ ಬೆಲೆ ಕೇಳಿ ಸುಮ್ಮನಾದಾಗಲೂ ಕಂಡಿದ್ದೇನೆ.

ದೂರದರ್ಶನವು ಲಕ್ಷ್ಮಣರನ್ನು ಮತ್ತೊಮ್ಮೆ ಕರೆಯಿತು. ಅವರ ಕಲ್ಪನೆಯನ್ನು ಆಧರಿಸಿ ಕುಂದನ್ ಶಾ ನಿರ್ದೇಶಿಸಿದ ‘ವಾಗ್ಲೆ ಕಿ ದುನಿಯಾ’ 1988ರಲ್ಲಿ ಬಂದಿತು. ಗುಮಾಸ್ತ ವಾಗ್ಲೆಯ ಸಣ್ಣಪುಟ್ಟ ಪೇಚಾಟಗಳಿಗೆ ಮನೆಮನೆಯೂ ನಕ್ಕಿತು. ನಾನೂ ನಕ್ಕೆ. ಆದರೂ ಬಾಯಿ ಬಂದ ವಾಗ್ಲೆಗಿಂತ ಬಾಯಿ ಬಿಡದ ಶ್ರೀಸಾಮಾನ್ಯನೇ ನನಗೆ ಹೆಚ್ಚು ಪ್ರಿಯ. ಕಾರ್ಟೂನು ಚಿತ್ರವನ್ನು ಕುಣಿಸಲು ಸಿನಿಮಾದವರು ಒಂದು ಸೆಕೆಂಡಿಗೆ 24 ಚೌಕಟ್ಟುಗಳನ್ನು ಓಡಿಸುತ್ತಾರೆ. ಲಕ್ಷ್ಮಣರ ಒಂದೇ ಚೌಕಟ್ಟಿನಲ್ಲಿ ಮಂತ್ರಿಯ ಹೊಟ್ಟೆ ಕುಲುಕುತ್ತದೆ, ಕಡತ ಜಾರುತ್ತದೆ, ಶ್ರೀಸಾಮಾನ್ಯನ ಹುಬ್ಬು ಮೇಲೇರುತ್ತದೆ.

1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಬಿಡುವಿನಲ್ಲಿ ಅವರು ಬಹುವಾಗಿ ಬರೆಯುತ್ತಿದ್ದುದು ಕಾಗೆಯನ್ನು. ನವಿಲನ್ನು ಮೆಚ್ಚುವವರು ಬಹಳ. ಅಂಗಳದ ಕಾಗೆಯ ಕತ್ತಿನ ಕೊಂಕನ್ನು ನಿಂತು ನೋಡುವವರಾರು? 2003ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತರೂ ಬಲಗೈ ಕುಂಚವನ್ನು ಬಿಡಲಿಲ್ಲ. 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, ಪುಣೆಯಲ್ಲಿ ತೀರಿಕೊಂಡರು. ಶ್ರೀಸಾಮಾನ್ಯನ ಕಂಚಿನ ಪ್ರತಿಮೆ ಆ ಊರಿನಲ್ಲಿದೆ. ಅದರ ತಲೆಯ ಮೇಲೆ ಕಾಗೆಯೊಂದು ಬಂದು ಕುಳಿತರೆ ಲಕ್ಷ್ಮಣರು ಅದನ್ನು ಓಡಿಸುತ್ತಿರಲಿಲ್ಲ. ಕಾಗದ ತರಲು ಒಳಗೆ ಹೋಗುತ್ತಿದ್ದರು.