ಮೊದಲು ಮೊರ, ಆಮೇಲೆ ಬಾಣಲೆ

ಸೋದರಿಯರೇ, ಸಂಜೆ ಶಾಲೆಯಿಂದ ಬಂದ ಮಕ್ಕಳು ಪುಸ್ತಕದ ಚೀಲ ಎಸೆದು, "ಅಮ್ಮಾ, ತಿನ್ನೋಕೆ ಏನಿದೆ?" ಅಂತ ಡಬ್ಬಗಳ ಮುಚ್ಚಳ ತೆಗೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆ ಹೊತ್ತಿಗೆ ಒಂದು ಡಬ್ಬ ಖಾರದ ಕಡಲೆಬೀಜ ಇದ್ದುಬಿಟ್ಟರೆ ಗೃಹಿಣಿಯ ಅರ್ಧ ಚಿಂತೆ ಕಳೆದಂತೆ. ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದಲ್ಲ, ಮನೆಯಲ್ಲೇ ಯಾಕೆ ಮಾಡಬೇಕು ಅಂತೀರಾ? ಖಾರ, ಮಸಾಲೆ ಮೆತ್ತಿದ ಮೇಲೆ ಒಳಗಿನ ಬೀಜ ಎಂಥದ್ದು ಅಂತ ಯಾರಿಗೂ ಕಾಣುವುದಿಲ್ಲ. ಮನೆಯಲ್ಲಾದರೆ ಒಂದೊಂದು ಬೀಜವನ್ನೂ ನಾವೇ ನೋಡಿ ಹಾಕಿರುತ್ತೇವೆ. ಈ ತಿಂಡಿಯ ಗುಟ್ಟೆಲ್ಲ ಅದರಲ್ಲೇ ಇದೆ.

ನಾನು ಹುಟ್ಟಿದ್ದು ಚಾಮರಾಜನಗರ, ಸೊಸೆಯಾಗಿ ಬಂದದ್ದು ಗುಂಡ್ಲುಪೇಟೆಗೆ. ತವರಿನಲ್ಲಿ ಆಷಾಢದಲ್ಲಿ ಚಾಮರಾಜೇಶ್ವರನ ತೇರು ನೋಡಲು ಹೊಸ ಮದುಮಕ್ಕಳೆಲ್ಲ ಬರುತ್ತಾರೆ. ನಮಗೆ ಮಕ್ಕಳಿಗೆ ಮಾತ್ರ ತೇರೆಂದರೆ ಪುರಿ, ಕಡಲೆಬೀಜದ ಪೊಟ್ಟಣ. ಗುಂಡ್ಲುಪೇಟೆಗೆ ಬಂದ ಮೇಲೆ ಅದೇ ಕಡಲೆಕಾಯಿಯನ್ನು ಹೊಲದಲ್ಲಿ ನೋಡಿದೆ. ಇದು ಘಟ್ಟದ ಮಳೆನೆರಳಿನ ಸೀಮೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಮುಗಿಲು ನೋಡುತ್ತಾ ಕೂರಬೇಕು. ಕಡಲೆಗಿಡದ ಹೂವು ಮೇಲೆ ಅರಳಿದರೂ ಕಾಯಿ ಕಟ್ಟುವುದು ಮಣ್ಣಿನೊಳಗೆ. ಆ ಸಮಯದಲ್ಲಿ ಮಳೆ ಕೈಕೊಟ್ಟು ನೆಲ ಒಣಗಿದರೆ, ಮಣ್ಣಲ್ಲಿರುವ ಒಂದು ಬೂಷ್ಟು ಕಾಯಿಗೆ ಹತ್ತಿಕೊಳ್ಳುತ್ತದೆ. ಕಿತ್ತ ಮೇಲೆ ಮಳೆಗೆ ಸಿಕ್ಕಿ ಸರಿಯಾಗಿ ಒಣಗದಿದ್ದರೆ ಅದು ಇನ್ನೂ ಹಬ್ಬುತ್ತದೆ.

ಬೂಷ್ಟು ತಾನೇ, ಹುರಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಒಂದೇ ಸಮನೆ ಸತ್ತವು. ಹುಡುಕಿ ನೋಡಿದರೆ ಕಾರಣ ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆ ಹಿಂಡಿ. ಆ ಬೂಷ್ಟು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಇದೇ ವಿಷ ಸೇರಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಪಿತ್ತಜನಕಾಂಗದ ಕ್ಯಾನ್ಸರಿಗೂ ದಾರಿಯಾಗುತ್ತದೆ. ನಮ್ಮ ಬಾಣಲೆಯ ಬಿಸಿಗೆ ಬೂಷ್ಟು ಸಾಯುತ್ತದೆ, ವಿಷ ಪೂರ್ತಿ ಸಾಯುವುದಿಲ್ಲ. ಆದ್ದರಿಂದ ಮೊದಲು ಮೊರ, ಆಮೇಲೆ ಬಾಣಲೆ.

ಅರ್ಧ ಕಿಲೋ ಬೀಜವನ್ನು ಮೊರಕ್ಕೆ ಸುರಿದು ಬೆಳಕಿನಲ್ಲಿ ಕೂತುಕೊಳ್ಳಿ. ಸುಕ್ಕಿದ್ದು, ಕಪ್ಪಾದದ್ದು, ಹಳದಿ-ಹಸಿರು ಪುಡಿ ಮೆತ್ತಿದ್ದು, ಮೊಳಕೆ ಒಡೆದದ್ದು, ಹುಳ ತೂತು ಮಾಡಿದ್ದು, ಎಲ್ಲವನ್ನೂ ತೆಗೆಯಿರಿ. ಬಾಯಿಗೆ ಹಾಕಿದಾಗ ಕಹಿಯಾದರೆ ಉಗಿದುಬಿಡಿ, ನುಂಗಬೇಡಿ. ಕಣ್ಣಿಗೆ ಕಾಣದ ಒಂದೆರಡು ಉಳಿಯಬಹುದು, ನಿಜ. ಆದರೂ ಹೀಗೆ ಆರಿಸುವುದರಿಂದ ಅಪಾಯದ ಬಹುಪಾಲು ಮೊರದಲ್ಲೇ ಕಳೆಯುತ್ತದೆ.

ಇನ್ನು ಆರಿಸಿ ತೆಗೆದದ್ದನ್ನು ಏನು ಮಾಡುತ್ತೀರಿ? ಇದನ್ನು ಕೇಳಬೇಕೆಂದೇ ಇಷ್ಟು ಪೀಠಿಕೆ ಹಾಕಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಪಾತ್ರೆ ತೊಳೆಯುವವಳ ಸೆರಗಿಗೆ ಬೀಳುತ್ತದೆ. ನಮ್ಮತ್ತೆಯ ಕಾಲದಲ್ಲಿ ನಮ್ಮ ಮನೆಯಲ್ಲೂ ಅದೇ ಪದ್ಧತಿ. ಒಂದು ದಿನ ಕೆಲಸದಾಕೆ ಅದನ್ನು ಕೈಯಲ್ಲಿ ಹಿಡಿದು ನೋಡಿ ಮೆಲ್ಲಗೆ ಅಂದಳು: "ಕಯಿ ಬೀಜ ನಿಮ್ ಬಾಯ್ಗೆ ಬ್ಯಾಡ ಅಂದ್ರ, ನಮ್ಗೂ ಅದೇ ಬಾಯಿ ಅಲ್ವಾ ಕನವ್ವ?" ಅತ್ತೆ ಮರುಮಾತಾಡದೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಅಫ್ಲಾಟಾಕ್ಸಿನ್ ಅನ್ನುವ ಹೆಸರನ್ನು ಅವರು ಕೇಳಿದವರಲ್ಲ. ಅಂದಿನಿಂದ ಡಬ್ಬದ ಹುರಿದ ಬೀಜದಲ್ಲೇ ಅವಳಿಗೂ ಒಂದು ಪಾಲು.

ಕೊಟ್ಟಿಗೆಯ ಹಸುವಿಗೆ ಹಾಕೋಣ ಅಂದುಕೊಂಡಿರಾ? ಅದೂ ಬೇಡ. ಹಸು ತಿಂದ ಈ ವಿಷದ ಒಂದಂಶ ರೂಪ ಬದಲಿಸಿ ಹಾಲಿನಲ್ಲಿ ಬರುತ್ತದೆ, ಆ ಹಾಲು ಮತ್ತೆ ನಮ್ಮ ಮಕ್ಕಳ ಲೋಟಕ್ಕೇ. ಗಾಣಕ್ಕೆ ಕೊಟ್ಟರೆ ವಿಷ ಹೆಚ್ಚಾಗಿ ಹಿಂಡಿಗೆ ಹೋಗುತ್ತದೆ, ಸ್ವಲ್ಪ ಎಣ್ಣೆಯಲ್ಲೂ ಉಳಿಯುತ್ತದೆ. ಚಟ್ನಿಪುಡಿಗೂ ಸೇರಿಸಬೇಡಿ. ಕೋಳಿ ಕೆದಕದಂತೆ ಆಳವಾಗಿ ಹೂತುಬಿಡಿ. ಒಂದು ಹಿಡಿ ಬೀಜ ದಂಡವಾಯಿತೆಂದು ಕೊರಗಬೇಡಿ.

ಈಗ ಮಾಡುವ ವಿಧಾನ. ಕಾಲು ಲೋಟ ಬಿಸಿನೀರಿಗೆ ಎರಡು ಚಮಚ ಉಪ್ಪು ಕರಗಿಸಿ ಬೀಜಕ್ಕೆ ಚಿಮುಕಿಸಿ, ಕೈಯಾಡಿಸಿ, ಹತ್ತು ನಿಮಿಷ ಬಟ್ಟೆಯ ಮೇಲೆ ಹರಡಿ. ಉಪ್ಪು ಒಳಗೆ ಇಳಿಯುವುದು ಹೀಗೆ. ದಪ್ಪ ತಳದ ಬಾಣಲೆಯಲ್ಲಿ ಎರಡು ಹಿಡಿ ಕಲ್ಲುಪ್ಪು ಬಿಸಿ ಮಾಡಿ, ಬೀಜ ಹಾಕಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷದವರೆಗೆ ಕೈ ಬಿಡದೆ ಹುರಿಯಿರಿ. ಚಟಪಟ ಸದ್ದು ಕಡಿಮೆಯಾಗಿ ಸಿಪ್ಪೆ ಬೆರಳಿಗೆ ಉದುರಿದರೆ ಹದ ಬಂತು. ಉರಿ ಜೋರು ಮಾಡಿದಿರೋ, ಮೇಲೆ ಕರಿ, ಒಳಗೆ ಹಸಿ! ಜರಡಿಯಲ್ಲಿ ಉಪ್ಪು ಬೇರೆ ಮಾಡಿ, ಆರಿದ ಮೇಲೆ ಉಜ್ಜಿ, ಕೇರಿ, ಬೇಳೆ ಮಾಡಿ.

ಒಗ್ಗರಣೆಗೆ ಮೂರು ಚಮಚ ಎಣ್ಣೆ ಕಾಯಿಸಿ. ಜಜ್ಜಿದ ಆರು ಎಸಳು ಬೆಳ್ಳುಳ್ಳಿ ಗರಿಗರಿಯಾಗುವವರೆಗೆ ಬಾಡಿಸಿ. ಹಸಿ ಉಳಿದರೆ ಬೀಜ ಮೆತ್ತಗಾಗುತ್ತದೆ. ಒರೆಸಿದ ಕರಿಬೇವು ಎರಡು ಗರಿ, ಚಿಟಿಕೆ ಇಂಗು, ಕಾಲು ಚಮಚ ಅರಿಶಿನ ಹಾಕಿ ಒಲೆ ಆರಿಸಿ. ಒಲೆ ಆರಿದ ಮೇಲೆಯೇ ಒಂದೂವರೆ ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಕುಟ್ಟಿದ ಕಾಳುಮೆಣಸು ಸೇರಿಸಿ. ಇಲ್ಲವಾದರೆ ಖಾರ ಸೀದು ಮನೆಯವರೆಲ್ಲ ಕೆಮ್ಮಬೇಕಾದೀತು! ಬೀಜ ಸುರಿದು ಕಲಸಿ, ಪೂರ್ತಿ ತಣ್ಣಗಾದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ. ಹದಿನೈದು ದಿನದಲ್ಲಿ ಖಾಲಿ ಮಾಡಿ. ಒದ್ದೆ ಕೈ ಹಾಕಬೇಡಿ.

ನೂರು ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಹೆಚ್ಚುಕಡಿಮೆ ಅರ್ಧಪಾಲು ಎಣ್ಣೆಯೇ ಆದ್ದರಿಂದ ಒಬ್ಬರಿಗೆ ಒಂದು ಹಿಡಿ ಸಾಕು. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಂಡೀತು. ಕಡಲೆಬೀಜ ಒಗ್ಗದವರಿಗೆ ಒಂದೇ ಬೀಜವೂ ಅಪಾಯ. ಮನೆಗೆ ಬಂದವರನ್ನು ಕೇಳಿಯೇ ಕೊಡಿ.

ಮುಂದಿನ ಸಲ ಬೀಜ ಆರಿಸುವಾಗ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದು ತೆಗೆಯಬೇಕು ಅಂತ ತೋರಿಸಿ. ತೆಗೆದದ್ದನ್ನು ಯಾರಿಗೂ ಯಾಕೆ ಕೊಡಬಾರದು ಅನ್ನುವುದನ್ನೂ ಜೊತೆಗೇ ಹೇಳಿಕೊಡಿ.