ಸಾಕರ್ ಅಂದ್ರೆ ಸಾಕಾ?

ಮೊದಲು ಕೂಗು ಬರುತ್ತದೆ, ಗೋಲು ಆಮೇಲೆ.

ಕೂಗು ರಸ್ತೆ ಬದಿಯ ಚಾ ಅಂಗಡಿಯದು. ಅಲ್ಲಿ ಡಿಶ್ ಹಾಕಿದ ಟಿವಿ. ಇಲ್ಲಿ ಅಡಿಕೆ ಸುಲಿಯುವ ಚಪ್ಪರದಲ್ಲಿ ಮೊಬೈಲಿನ ಚಿತ್ರವನ್ನೇ ದೊಡ್ಡ ಟಿವಿಗೆ ಹಾಯಿಸಿದ್ದಾರೆ. ಅದು ಅರ್ಧ ನಿಮಿಷ ಹಿಂದೆ. ದಾಸನಕೊಪ್ಪದ ಕತ್ತಲಲ್ಲಿ ಹೋ ಎಂಬ ಸದ್ದು ಎದ್ದು ಅಡಗಿದ ಮೇಲೆ ನೋಡಿದರೆ, ಮೆಸ್ಸಿ ಇನ್ನೂ ಪೆನಾಲ್ಟಿ ಚುಕ್ಕೆಯ ಹಿಂದೆ ನಿಂತು ಉಸಿರು ಬಿಡುತ್ತಿದ್ದಾನೆ. "ಗೋಲಾತು ಬಿಡ್ರಿ ಅದು" ಎನ್ನುತ್ತಾರೆ ಪಿ.ಟಿ. ಮಾಸ್ತರು. ಆದರೂ ಎಲ್ಲರೂ ಕುತ್ತಿಗೆ ಚಾಚುತ್ತಾರೆ. ನೀವೂ ಚಾಚುತ್ತೀರಿ.

2022ರ ಡಿಸೆಂಬರ್ 18, ಭಾನುವಾರ, ರಾತ್ರಿ ಒಂಬತ್ತಕ್ಕೆ ಇನ್ನೂ ಐದಾರು ನಿಮಿಷ. ಕತಾರಿನ ಲುಸೈಲ್‌ನಲ್ಲಿ ಅರ್ಜೆಂಟೀನಾ, ಫ್ರಾನ್ಸ್. ಇಲ್ಲಿ ಕೊನೆಕೊಯ್ಲಿನ ಭರ. ಬೆಳಿಗ್ಗೆ ಇಳಿಸಿದ ಗೊನೆಗಳನ್ನು ಬಡಿದು ರಾಶಿ ಹಾಕಿದ್ದಾರೆ, ನಾಳೆ ಹಂಡೆಯಲ್ಲಿ ಬೇಯಬೇಕು, ಅದಕ್ಕೆ ಇವತ್ತೇ ಸುಲಿದು ಮುಗಿಯಬೇಕು. ವಿಶ್ವಕಪ್ ಫೈನಲ್ ಇದೆಯೆಂದು ಹಸಿ ಅಡಿಕೆ ಕಾಯುವುದಿಲ್ಲ.

ಕೂತುಕೊಳ್ಳಿ, ಒಂದು ಮೆಟ್ಟುಗತ್ತಿ ಖಾಲಿ ಇದೆ. ಕೈ ಮಾತ್ರ ಕಪ್ಪಾಗುತ್ತದೆ. ಒಗರು ಒಮ್ಮೆ ಹಿಡಿಯಿತೆಂದರೆ ಯಾವ ಸೋಪಿಗೂ ಜಗ್ಗುವುದಿಲ್ಲ. ಸುತ್ತ ಹನ್ನೆರಡು ಹದಿಮೂರು ಜನ: ಯಜಮಾನರು, ಅವರ ಮಗ, ಗೊನೆ ಇಳಿಸುವ ಕೊನೆಗೌಡ, ಸುಲಿಯಲು ಬಂದ ಆರು ಹೆಂಗಸರು. ಪಿ.ಟಿ. ಮಾಸ್ತರು ಹಾವೇರಿ ಕಡೆಯವರು, ಆಟ ನೋಡುವ ನೆಪದಲ್ಲಿ ಬಂದವರು, ಈಗ ಅವರ ಕೈಯಲ್ಲೂ ಅಡಿಕೆ. ಇನ್ನಿಬ್ಬರು ನ್ಯೂಜೆರ್ಸಿಯಿಂದ ರಜೆಗೆ ಬಂದವರು: ಮನೆಯವರೆಲ್ಲ ಅಮೆರಿಕ ಭಾವ ಎನ್ನುವ ಯಜಮಾನರ ಭಾವ, ಮತ್ತು ಅವರ ಹದಿನಾಲ್ಕರ ಮಗ. ಶಿರಸಿ ತಾಲೂಕಿನ ಪೂರ್ವದ ಸೆರಗು ಇದು. ಹಿಂದೆ ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲೂ ಈಗ ಅಡಿಕೆ ಸಸಿ ನಿಂತಿವೆ. ಮಾತೂ ಕಲಸುಮೇಲೋಗರ. ಒಬ್ಬರು "ಬಂಜು" ಎಂದರೆ ಇನ್ನೊಬ್ಬರು "ಬಂದೈತಿ" ಎನ್ನುತ್ತಾರೆ, ಯಾರಿಗೂ ಯಾರದೂ ತೊಡಕಾಗುವುದಿಲ್ಲ.

ಮೂವತ್ತಾರನೇ ನಿಮಿಷ. ಮತ್ತೆ ರಸ್ತೆಯಿಂದ ಕೂಗು, ಮತ್ತೆ ಕಾಯುವಿಕೆ, ಆಮೇಲೆ ಡಿ ಮರಿಯಾ. ಎರಡು ಸೊನ್ನೆ. ಶಿರಸಿಯ ಬಿಡ್ಕಿಬೈಲಿನಲ್ಲಿ ಕೊಂಡ ಹತ್ತನೇ ನಂಬರಿನ ಅಂಗಿ ತೊಟ್ಟ ಯಜಮಾನರ ಮಗ ಸಿಪ್ಪೆ ರಾಶಿಯ ಮೇಲೆ ಕುಣಿಯುತ್ತಾನೆ. ಅವನ ಅಮೆರಿಕದ ತಮ್ಮ ಮೆಲ್ಲಗೆ ಹೇಳುತ್ತಾನೆ, "ಇದೇ ಸಾಕರ್."

ಕೊನೆಗೌಡ ತಲೆ ಎತ್ತುತ್ತಾನೆ. "ಸಾಕ್ರಾ? ಅರ್ಧ ಆಟ ಬಾಕಿ ಐತಲ್ಲ ತಮ್ಮ, ಆಗ್ಲೇ ಸಾಕಾ?"

ಚಪ್ಪರವೆಲ್ಲ ನಗು. ಹುಡುಗ ಕೆಂಪಾಗುತ್ತಾನೆ. ಮಾಸ್ತರರಿಗೆ ಇಷ್ಟೇ ಬೇಕಿತ್ತು. "ಅಲ್ರೀ, ಚೆಂಡನ್ನ ಬಗಲಾಗ ಹಿಡ್ಕೊಂಡು ಓಡೂದಕ್ಕ ಫುಟ್‌ಬಾಲ್ ಅಂತಾರ. ಕಾಲಾಗ ಆಡೂ ಆಟಕ್ಕ ಸಾಕರ್ ಅಂತಾರ. ಇಡೀ ಜಗತ್ತು ಒಂದ್ ದಾರಿ, ಇವ್ರದು ಇನ್ನೊಂದು."

ಹುಡುಗ ಮಣಿಯುವುದಿಲ್ಲ. ಮನೆಮಾತನ್ನು ಹುಡುಕಿ ಹುಡುಕಿ ಜೋಡಿಸುತ್ತಾನೆ: "ಅದು ನಂಗ್ಳ ಶಬ್ದ ಅಲ್ಲ. ಇಂಗ್ಲೆಂಡಿನವ್ರದ್ದೇ." ಅವನ ಮಾತು ಸರಿ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಅದರ ನಿಯಮದ ಆಟ ಅಸೋಸಿಯೇಷನ್ ಫುಟ್‌ಬಾಲ್ ಆಯಿತು. ಆಕ್ಸ್‌ಫರ್ಡಿನ ಪಡ್ಡೆಗಳಿಗೆ ಎಲ್ಲ ಹೆಸರನ್ನೂ ಮೊಟಕುಮಾಡಿ ಬಾಲ ಅಂಟಿಸುವ ಚಾಳಿ. ರಗ್ಬಿಯನ್ನು ರಗರ್ ಮಾಡಿದವರು ಅಸೋಸಿಯೇಷನ್‌ನ ನಡುವಿನಿಂದ 'ಸಾಕ್' ಕಿತ್ತು ಸಾಕರ್ ಮಾಡಿದರು. ಇಂಗ್ಲಿಷರು ಮುಂದೆ ಆ ಮಾತು ಬಿಟ್ಟರು, ಅಮೆರಿಕ ಉಳಿಸಿಕೊಂಡಿತು. ನಮ್ಮ ಅಜ್ಜಿಯರ ಮಾತು ದೂರದ ಊರಿಗೆ ಮದುವೆಯಾಗಿ ಹೋದ ಮಗಳ ಬಾಯಲ್ಲಿ ಉಳಿದಿರುತ್ತದಲ್ಲ, ಹಾಗೆ.

"ಹೆಸರು ಹಾಳಾಗ್ಲಿ," ಯಜಮಾನರು ಭಾವನತ್ತ ತಿರುಗುತ್ತಾರೆ. "ಆಟ ಎಂತಕ್ಕೆ ರುಚಿಸ್ತಿಲ್ಲೆ ಅವಕ್ಕೆ?"

ಅಮೆರಿಕ ಭಾವ ಕತ್ತಿಯಿಂದ ಬೆರಳು ಹಿಂದೆಗೆಯುತ್ತಾರೆ. ಇಪ್ಪತ್ತು ವರ್ಷದಿಂದ ಅಡಿಕೆ ಮುಟ್ಟದ ಕೈ, ಆಗಲೇ ಎರಡು ಕಡೆ ಗೀರು. "ಡ್ರಾ ಅಂದ್ರೆ ಆಗ್ತಿಲ್ಲೆ ಮಾರಾಯ. ತೊಂಬತ್ತು ನಿಮಿಷ ಓಡಿ ಸೊನ್ನೆ ಸೊನ್ನೆ ಅಂದ್ರೆ, ಮತ್ತೆ ಓಡಿದ್ದು ಎಂತಕ್ಕೆ ಹೇಳಿ ಕೇಳ್ತ. ನಲವತ್ತೈದು ನಿಮಿಷ ಒಂದೇ ಸಮ ಆಟ, ಜಾಹೀರಾತಿಗೆ ಜಾಗವೇ ಇಲ್ಲೆ, ಟಿವಿಯವು ಎಂತ ತಿಂಬದು? ಮೇಲಿಂದ ಅವರದ್ದೇ ಬೇಸ್‌ಬಾಲ್ ಇದ್ದು, ಬ್ಯಾಸ್ಕೆಟ್‌ಬಾಲ್ ಇದ್ದು. ಹೊಟ್ಟೆ ತುಂಬಿದವಂಗೆ ಇನ್ನೊಂದು ಊಟ ಹಾಕಿದ್ರೆ?"

ಡ್ರಾ ರುಚಿಸದಿದ್ದರೆ ಈ ಸಲ ಅವರಿಗೆ ಕಷ್ಟವಾಗಿರಬೇಕು. ವೇಲ್ಸ್ ವಿರುದ್ಧ ಒಂದು ಒಂದು, ಇಂಗ್ಲೆಂಡ್ ವಿರುದ್ಧ ಸೊನ್ನೆ ಸೊನ್ನೆ. ಇರಾನನ್ನು ಪುಲಿಸಿಕ್‌ನ ಒಂದೇ ಗೋಲಿನಿಂದ ದಾಟಿ, ಮುಂದಿನ ಸುತ್ತಿನಲ್ಲಿ ನೆದರ್ಲೆಂಡ್ಸ್‌ಗೆ ಮೂರು ಒಂದರಿಂದ ಸೋತು ಮನೆಗೆ.

"ಜನ ಇಲ್ಲ ಅನ್ಬ್ಯಾಡ್ರಿ ಮತ್ತ," ಮಾಸ್ತರು ಈಗ ಅಮೆರಿಕದ ಪರ. ಅವರ ಸ್ವಭಾವವೇ ಹಾಗೆ, ಎದುರಿನವ ಯಾವ ಕಡೆಯೋ ಅದರ ಆಚೆ ಕಡೆ ಇವರು. 1994ರ ವಿಶ್ವಕಪ್ ಅಮೆರಿಕದಲ್ಲಿ ನಡೆದಾಗ ಮೈದಾನಕ್ಕೆ ಬಂದವರು 35 ಲಕ್ಷಕ್ಕೂ ಹೆಚ್ಚು, ಪಂದ್ಯಕ್ಕೆ ಸರಾಸರಿ ಸುಮಾರು 69 ಸಾವಿರ. ಆ ಸರಾಸರಿಯನ್ನು ಆಮೇಲೆ ಈ ಕತಾರಿನವರೆಗೆ ಯಾವ ವಿಶ್ವಕಪ್ಪೂ ಮುಟ್ಟಿಲ್ಲ. "ಹಂಗಂತ ಊರ ಆಟ ಆತೇನು? ಜಾತ್ರಿಗೆ ಬಂದ್ರು, ತೇರು ನೋಡಿದ್ರು, ಹೋದ್ರು." 1975ರಲ್ಲಿ ಪೆಲೆಯನ್ನೇ ನ್ಯೂಯಾರ್ಕ್ ಕಾಸ್ಮೋಸ್‌ಗೆ ಕರೆತಂದಾಗಲೂ ಹಾಗೆಯೇ. ಹತ್ತು ವರ್ಷದೊಳಗೆ ಆ ಲೀಗೇ ಮುಚ್ಚಿತು. ಈಗಿನ ಲೀಗ್ ಶುರುವಾದದ್ದು 1996ರಲ್ಲಿ.

"ಅಲ್ಲಿ ಆಡವ್ವು ಹೆಚ್ಚಿಗೆ ಹೊರಗಿಂದ ಬಂದವ್ವು," ಎನ್ನುತ್ತಾರೆ ಭಾವ. "ನಂಗ್ಳ ಬೀದಿಲಿ ಶನಿವಾರ ನೋಡವು, ಮೆಕ್ಸಿಕೋದವ್ವು, ಎಕ್ವಡಾರಿನವ್ವು." ಹಳೆಯ ಕತೆಯೂ ಅದೇ. 1950ರಲ್ಲಿ ಬ್ರೆಜಿಲಿನ ಬೆಲೊ ಹೊರಿಜಾಂಟೆಯಲ್ಲಿ ಅಮೆರಿಕ ಇಂಗ್ಲೆಂಡನ್ನು ಒಂದು ಸೊನ್ನೆಯಿಂದ ಮಲಗಿಸಿತು. ಆ ಗೋಲು ಹೊಡೆದ ಜೋ ಗೇಟ್ಜೆನ್ಸ್ ಹೈಟಿಯಿಂದ ಓದಲು ಬಂದು, ನ್ಯೂಯಾರ್ಕಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವ.

ಮಾಸ್ತರರ ಕತ್ತಿ ನಿಲ್ಲುತ್ತದೆ. "ನಮ್ಮಲ್ಲಿ ಯಾರ್ ಆಡ್ತಾರ ಹೇಳ್ರಿ ಮತ್ತ?"

ಯಾರೂ ಮಾತಾಡುವುದಿಲ್ಲ. ಈ ಊರಿನ ಬಯಲಲ್ಲಿ ಕ್ರಿಕೆಟ್ಟಿದೆ, ಕಬಡ್ಡಿ ಇದೆ, ಸಂಜೆ ವಾಲಿಬಾಲ್ ನೆಟ್ಟು ಏಳುತ್ತದೆ. ಫುಟ್‌ಬಾಲ್ ಶಾಲೆಯ ಬೀರುವಿನಲ್ಲಿದೆ, ಗಾಳಿ ಇಲ್ಲದೆ. ಮಾಸ್ತರೇ ಉತ್ತರ ಕೊಡುತ್ತಾರೆ: ಆಟ ನೋಡಬೇಕಿದ್ದರೆ ಮುಂಡಗೋಡಿನ ಟಿಬೇಟಿಯನ್ ಕಾಲೋನಿಗೆ ಹೋಗಿ. ಅವರಿಗೆ ದೇಶ ಇಲ್ಲ, ತಂಡ ಇದೆ. 2001ರಲ್ಲಿ ಕೋಪನ್‌ಹೇಗನ್‌ಗೆ ಹೋಗಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ ನಾಲ್ಕು ಒಂದರಿಂದ ಸೋತು ಬಂದ ತಂಡ. ಇಲ್ಲವೇ ಬೆಂಗಳೂರಿನ ದಂಡಿನ ಕಡೆ ಹೋಗಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬೈಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಲ್ಟನ್ನುಗಳ ಕೈಯಿಂದ ಕಿತ್ತುಕೊಂಡಿತು. ಮರುವರ್ಷವೂ ಬಿಡಲಿಲ್ಲ.

"ಈ ಫ್ರಾನ್ಸ್ ಐತಲ್ರಿ," ಟಿವಿಯತ್ತ ಅಡಿಕೆ ತೋರಿಸುತ್ತಾರೆ, "ಇದರ ಮ್ಯಾಲೆ ನಮ್ಮವ ಗೋಲ್ ಹೊಡದಾನ."

ಹುಡುಗರಿಬ್ಬರೂ ತಿರುಗುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ, ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಬಹುಪಾಲು ಬರಿಗಾಲು. ಸಮಬಲದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಕೊನೆಗೆ ಎರಡು ಒಂದರ ಸೋಲು. ಆ ದಿನ ಸಿಕ್ಕ ಎರಡು ಪೆನಾಲ್ಟಿಗಳನ್ನು ಭಾರತ ಎರಡನ್ನೂ ಕಳೆದುಕೊಂಡಿತ್ತು. ಎರಡು ವರ್ಷದ ಮೇಲೆ ವಿಶ್ವಕಪ್ಪಿಗೇ ಕರೆ ಬಂದಾಗ ನಾವು ಹೋಗಲಿಲ್ಲ. ಅಮೆರಿಕ ಇಂಗ್ಲೆಂಡನ್ನು ಸೋಲಿಸಿದ ಅದೇ ಬ್ರೆಜಿಲಿಗೆ.

"ಅಮೆರಿಕಾನ ನಗೂದು ಸಲೀಸು," ಎನ್ನುತ್ತಾರೆ ಮಾಸ್ತರು, ಮತ್ತೆ ಸುಲಿಯತೊಡಗುತ್ತಾರೆ.

ದ್ವಿತೀಯಾರ್ಧ ಎಲ್ಲಿಗೋ ಹೊರಟಿದೆ. ಫ್ರಾನ್ಸ್ ಮಂಕು. ಬುಟ್ಟಿಯ ಪಕ್ಕ ಕೂತ ಅಕ್ಕ ಇಷ್ಟು ಹೊತ್ತೂ ಪರದೆಯತ್ತ ಸರಿಯಾಗಿ ನೋಡಿಲ್ಲ. ಅವಳ ಕತ್ತಿ ನಿಂತೂ ಇಲ್ಲ. ಒಂದಕ್ಕೆ ನೀವು ತಿಣುಕುವಷ್ಟರಲ್ಲಿ ಅವಳದು ಐದಾರು. ಈಗ ಕೇಳುತ್ತಾಳೆ:

"ಅಲ್ಲಿ ಹೆಣ್ಮಕ್ಳು ಆಡ್ತಾರನಾ ತಮ್ಮ?"

ಹುಡುಗ ಮೊದಲ ಬಾರಿಗೆ ನೆಟ್ಟಗೆ ಕೂರುತ್ತಾನೆ. ಅವನಕ್ಕ ಆಡುತ್ತಾಳಂತೆ. ಅವಳ ಕ್ಲಾಸಿನ ಅರ್ಧ ಹುಡುಗಿಯರು ಆಡುತ್ತಾರಂತೆ. ದೇಶದ ಹೆಣ್ಣುಮಕ್ಕಳ ತಂಡ ವಿಶ್ವಕಪ್ ಗೆದ್ದಿದೆ.

"ಎಷ್ಟ್ ಸಲ?"

"ನಾಲ್ಕು." 1991, 1999, 2015, 2019. ಬೆರಳು ಮಡಚಿ ಎಣಿಸುತ್ತಾನೆ.

ಅಕ್ಕ ಇಡೀ ಚಪ್ಪರವನ್ನು ಒಮ್ಮೆ ನೋಡುತ್ತಾಳೆ. "ನಾಕ್ ಸಲ ಗೆದ್ದಾರೆ. ನೀವ್ ಎಲ್ಲಾ ಕೂತ್ಕಂಡು ಅಮೆರಿಕದವ್ರಿಗೆ ಚೆಂಡು ಗೊತ್ತಿಲ್ಲ ಅಂತ ಒಂದು ತಾಸಿಂದ ಹೇಳ್ತಾ ಇದ್ರಿ."

ಯಜಮಾನರು ಕೆಮ್ಮುತ್ತಾರೆ. ಭಾವ ನಗುತ್ತಾರೆ, ಆದರೆ ನಿಜಕ್ಕೂ ಪೆಟ್ಟು ಬಿದ್ದಿದೆ. ಇಷ್ಟು ಹೊತ್ತಿನ ವಾದದಲ್ಲಿ ಅಮೆರಿಕ ಎಂದರೆ ಅಮೆರಿಕದ ಗಂಡಸರು ಮಾತ್ರ. ಅಲ್ಲಿನ ಶಾಲೆ ಕಾಲೇಜುಗಳು ಸರ್ಕಾರದ ದುಡ್ಡು ಪಡೆದರೆ ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂಬ ಕಾನೂನು 1972ರಲ್ಲಿ ಬಂತು. ಆಟದ ಮೈದಾನಕ್ಕೂ ಅದು ಅನ್ವಯಿಸಿತು. ಉಳಿದ ಜಗತ್ತು ಹೆಣ್ಣುಮಕ್ಕಳಿಗೆ ಚೆಂಡು ಕೊಡಲು ಮೀನಮೇಷ ಎಣಿಸುತ್ತಿದ್ದಾಗ ಅಲ್ಲಿನ ಹುಡುಗಿಯರು ಆಡಿ ಮುಂದೆ ಹೋದರು. 1999ರ ಫೈನಲ್ಲಿಗೆ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90 ಸಾವಿರ ಜನ ಸೇರಿದ್ದರು. ಗಂಡಸರಿಗೆ ಇದು ತಮ್ಮ ಆಟವೆಂದು ಅನಿಸದೇ ಇದ್ದದ್ದೂ ಆ ಹುಡುಗಿಯರಿಗೆ ಅನುಕೂಲವಾಗಿರಬಹುದು ಎಂಬುದು ನನ್ನ ಗುಮಾನಿ.

ಹುಡುಗ ಇನ್ನೂ ಒಂದು ಹೇಳುತ್ತಾನೆ. ಈ ವರ್ಷ ಒಪ್ಪಂದವಾಗಿದೆ: ವಿಶ್ವಕಪ್ಪಿನಲ್ಲಿ ಗಂಡಸರ ತಂಡ ಗಳಿಸಿದ್ದನ್ನೂ ಹೆಂಗಸರ ತಂಡ ಗಳಿಸಿದ್ದನ್ನೂ ಕೂಡಿಸಿ, ಒಕ್ಕೂಟದ ಪಾಲು ಕಳೆದು, ಉಳಿದದ್ದು ಸಮಪಾಲು. ಕತಾರಿನಲ್ಲಿ ಹದಿನಾರರ ಘಟ್ಟ ಮುಟ್ಟಿದ್ದಕ್ಕೆ ಬಂದ 1.3 ಕೋಟಿ ಡಾಲರಿನಲ್ಲೂ ಹಾಗೆಯೇ.

"ಸುಲಿಯೋದ್ರಾಗೆ ನಮ್ದೂ ಹಂಗೇಯ," ಎನ್ನುತ್ತಾಳೆ ಅಕ್ಕ. "ಡಬ್ಬಕ್ಕಿಷ್ಟು. ಗಂಡಸು ಸುಲಿದ್ರೂ ಅಷ್ಟೇ, ಹೆಂಗಸು ಸುಲಿದ್ರೂ ಅಷ್ಟೇ. ತೋಟಕ್ಕೆ ಇಳಿದ್ರೆ ಮಾತ್ರ ಅವ್ರಿಗೊಂದು ಕೂಲಿ, ನಮ್ಗೊಂದು."

ಯಾರೂ ಯಜಮಾನರ ಮುಖ ನೋಡುವುದಿಲ್ಲ. ಅವರು ಬಹಳ ಗಮನವಿಟ್ಟು ಫುಟ್‌ಬಾಲ್ ನೋಡುತ್ತಿದ್ದಾರೆ.

"ನನ್ ಮಗಳು ಥ್ರೋಬಾಲ್ ಆಡ್ತಿತ್ತು. ತಾಲೂಕಿಗೆ ಹೋಗಿತ್ತು. ಪ್ರಾಕ್ಟೀಸ್ ಮುಗಿಯೋವಷ್ಟರಾಗೆ ಕಡೇ ಬಸ್ಸು ಹೋಗಿರ್ತಿತ್ತು. ಬಿಡಿಸ್ದೆ." ಮತ್ತೊಂದು ಅಡಿಕೆ, ಸರಕ್. ಮಾಸ್ತರು ಏನೋ ಹೇಳಲು ಬಾಯಿ ತೆರೆಯುತ್ತಾರೆ.

ಕೂಗು. ಈ ಸಲ ಬೇರೆ ಥರದ್ದು, ಸಿಟ್ಟಿನದು. ಅದು ಅಡಗುವ ಮೊದಲೇ ಇನ್ನೊಂದು. ಪರದೆಯಲ್ಲಿ ಏನೂ ಆಗಿಲ್ಲ. ಅರ್ಜೆಂಟೀನಾದವರು ಆರಾಮಾಗಿ ಚೆಂಡು ದಾಟಿಸುತ್ತಿದ್ದಾರೆ. "ಎಂತ ಆತು? ಎಂತ ಆತು?" ಯಜಮಾನರ ಮಗ ಟಿವಿಗೆ ಕೈ ಹಚ್ಚುತ್ತಾನೆ, ಮುಂದೆ ತಳ್ಳಿದರೆ ಬೇಗ ಬರುತ್ತದೇನೋ ಎಂಬಂತೆ. ಆಮೇಲೆ ಬರುತ್ತದೆ: ಎಂಬತ್ತನೇ ನಿಮಿಷ, ಎಂಬಾಪೆಯ ಪೆನಾಲ್ಟಿ. ಎರಡು ನಿಮಿಷ ತುಂಬುವುದರೊಳಗೆ ಮತ್ತೆ ಎಂಬಾಪೆ. ಎರಡು ಎರಡು.

"ಇದಕ್ಕ ಸಾಕರ್ ಅನ್ನಿ, ಏನರ ಅನ್ನಿ," ಮಾಸ್ತರು ಎದ್ದು ನಿಂತಿದ್ದಾರೆ, ಮಡಿಲಿನ ಅಡಿಕೆಯೆಲ್ಲ ನೆಲಕ್ಕೆ.

ಹೆಚ್ಚುವರಿ ಆಟಕ್ಕೆ ಮೊದಲು ಚಾ ಬರುತ್ತದೆ. ಲೋಟಗಳಿಗೆಲ್ಲ ಕಪ್ಪು ಬೆರಳಚ್ಚು. ಭಾವ 2026ರ ಲೆಕ್ಕ ಹಾಕುತ್ತಿದ್ದಾರೆ. ಆಗ ವಿಶ್ವಕಪ್ ಅಮೆರಿಕ, ಕೆನಡಾ, ಮೆಕ್ಸಿಕೋಗಳಲ್ಲಿ, 48 ತಂಡ. ನ್ಯೂಜೆರ್ಸಿಯಲ್ಲೂ ಪಂದ್ಯವಿದೆ, ಎಲ್ಲರೂ ಬನ್ನಿ ಎಂದು ಕರೆಯುತ್ತಿದ್ದಾರೆ. ವೀಸಾ ಯಾರು ಕೊಡಿಸುತ್ತೀರಿ ಎಂದು ಕೊನೆಗೌಡ ಕೇಳುತ್ತಾನೆ. ಈ ಚಪ್ಪರದಲ್ಲಿ ಕೂತ ಯಾರಿಗೂ ಗೊತ್ತಿಲ್ಲದ ಎರಡು ಸಂಗತಿಗಳಿವೆ. ಏಳು ತಿಂಗಳಿಗೆ ಇದೇ ಮೆಸ್ಸಿ ಮಯಾಮಿಯ ತಂಡ ಸೇರುತ್ತಾನೆ, ಪೆಲೆ ಹೋದ ದಾರಿಯಲ್ಲೇ. ಅದಕ್ಕೂ ಮುಂಚೆ, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ, ಕರ್ನಾಟಕ ಮೇಘಾಲಯವನ್ನು ಮೂರು ಎರಡರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆಲ್ಲುತ್ತದೆ. ಆ ದಿನ ಇಲ್ಲಿ ಯಾವ ಚಾ ಅಂಗಡಿಯಿಂದಲೂ ಕೂಗು ಏಳುವುದಿಲ್ಲ.

ನೂರೆಂಟನೇ ನಿಮಿಷಕ್ಕೆ ಮೆಸ್ಸಿ, ನೂರಾಹದಿನೆಂಟಕ್ಕೆ ಎಂಬಾಪೆ. ಮೂರು ಮೂರು. ಕೊನೆಯ ಗಳಿಗೆಯಲ್ಲಿ ಕೋಲೊ ಮುವಾನಿ ಒಬ್ಬನೇ ನುಗ್ಗಿದಾಗ ಗೋಲಿ ಮಾರ್ಟಿನೆಜ್ ಎಡಗಾಲು ಚಾಚಿ ತಡೆಯುತ್ತಾನೆ. ಇಲ್ಲಿ ಸುಲಿಯುವ ಸದ್ದೇ ಇಲ್ಲ, ಒಬ್ಬಳದನ್ನು ಬಿಟ್ಟು.

ಪೆನಾಲ್ಟಿ. "ರಸ್ತೆ ಕಡೆ ಕಿವಿ ಮುಚ್ಕಳಿ ಎಲ್ಲ," ಎಂದು ಯಜಮಾನರ ಮಗ ಗೋಗರೆಯುತ್ತಾನೆ. ಯಾರೂ ಮುಚ್ಚುವುದಿಲ್ಲ. ಕೋಮಾನ್ ಹೊಡೆದದ್ದನ್ನು ಮಾರ್ಟಿನೆಜ್ ತಡೆದ, ಚುವಾಮೆನಿ ಹೊರಗೆ ಹೊಡೆದ. ಅಮೆರಿಕದ ಹುಡುಗ ಅತ್ತೆಯ ಶಾಲು ತಲೆಗೆ ಸುತ್ತಿಕೊಂಡು ಕೂತಿದ್ದಾನೆ.

ಆಗ ರಸ್ತೆಯಿಂದ ಏಳುತ್ತದೆ, ಇಡೀ ರಾತ್ರಿಯ ದೊಡ್ಡ ಕೂಗು. ಯಾರೋ ತಗಡು ಬಡಿಯುತ್ತಾರೆ, ನಾಯಿಗಳು ಬೊಗಳುತ್ತವೆ, ಒಂದು ಪಟಾಕಿ. ಪರದೆಯಲ್ಲಿ ಮಾಂಟಿಯಲ್ ಇನ್ನೂ ಚೆಂಡನ್ನು ಚುಕ್ಕೆಯ ಮೇಲೆ ಇಡುತ್ತಿದ್ದಾನೆ. ಚಪ್ಪರದಲ್ಲಿ ಯಾರೂ ಮಿಸುಕುವುದಿಲ್ಲ.

"ಐದನೇ ಡಬ್ಬ ತುಂಬ್ತು, ಬರ್ಕಳಿ," ಎನ್ನುತ್ತಾಳೆ ಅಕ್ಕ.

ಮಾಂಟಿಯಲ್ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.